ಹೊಸತೊಡಕಿಗೆ ಅಪ್ಪನಿಗೆ ಕಬಾಬ್ ಮಾಡಬೇಕು: ಏರ್ ಫ್ರೈಯರ್‌ನಲ್ಲಿ ಕೋಳಿ ಗರಿಗರಿಯಾಗಿ, ರಸ ಉಳಿದು ಬರುವುದು ಹೇಗೆ?

ರಾಗಿಮುದ್ದೆ_ಮನೆ | ಭಾನುವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಮ್ಮೂರು ಚನ್ನಪಟ್ಟಣದ ಹತ್ತಿರ, ಈಗ ಇರುವುದು ಬೆಂಗಳೂರಿನ ವಿಜಯನಗರದಲ್ಲಿ. ಯುಗಾದಿಗೆ ಇನ್ನು ಮೂರು ವಾರ ಇದೆ. ಮಾರನೇ ದಿನದ ಹೊಸತೊಡಕು ಅಂದರೆ ನಮ್ಮ ಮನೆಯಲ್ಲಿ ಮಟನ್ ಸಾರು, ಮುದ್ದೆ, ಜೊತೆಗೆ ಅಪ್ಪನಿಗೋಸ್ಕರ ಒಂದು ತಟ್ಟೆ ಚಿಕನ್ ಕಬಾಬ್. ಅಮ್ಮ ಬಾಣಲೆ ಇಟ್ಟು ಕರಿಯುತ್ತಿದ್ದರೆ ಅಪ್ಪ ಅಡುಗೆಮನೆ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಮೊದಲನೇ ಒಬ್ಬೆ ಅವರಿಗೇ.

ಕಳೆದ ದೀಪಾವಳಿ ಆದ ಮೇಲೆ ಅಪ್ಪನಿಗೆ ಸ್ಟೆಂಟ್ ಹಾಕಿದರು. ಕೋಳಿ ತಿನ್ನಬಹುದು, ಚರ್ಮ ತೆಗೆದು ತಿನ್ನಿ, ಕರಿದದ್ದು ಮಾತ್ರ ಬೇಡ ಎಂದು ಡಾಕ್ಟರು ಹೇಳಿದ್ದಾರೆ. ಅದಕ್ಕೇ ತಮ್ಮ ಒಂದು ಏರ್ ಫ್ರೈಯರ್ ತಂದುಕೊಟ್ಟ. 4 ಲೀಟರ್, 1500 ವಾಟ್.

ಎರಡು ಸಲ ಮಾಡಿದೆ. ಮೊದಲ ಸಲ ಅಮ್ಮ ಕಲಸುವ ಹಿಟ್ಟನ್ನೇ ಕಲಸಿ ಹಾಕಿದೆ. ಹಿಟ್ಟೆಲ್ಲ ಜಾರಿ ಬುಟ್ಟಿಯ ಕೆಳಗೆ ಬಿತ್ತು. ಎರಡನೇ ಸಲ ಎದೆ ಮಾಂಸ ತಂದು ಮಸಾಲೆ ಹಚ್ಚಿ, ಮೇಲೆ ಒಣ ಕಾರ್ನ್‌ಫ್ಲೋರ್ ಉದುರಿಸಿದೆ. ಒಂದು ಹನಿ ಎಣ್ಣೆ ಹಾಕದೆ 200 ಡಿಗ್ರಿಯಲ್ಲಿ 25 ನಿಮಿಷ ಇಟ್ಟೆ. ಮೇಲೆ ಬಿಳಿ ಬಿಳಿ ಪುಡಿ, ಒಳಗೆ ಹತ್ತಿ ಅಗಿದ ಹಾಗೆ. ಅಪ್ಪ "ಚೆನ್ನಾಗಿದೆ ಮಗಾ" ಎಂದು ಎರಡು ತುಂಡು ತಿಂದು ಎದ್ದರು. ಅವರು ಎರಡಕ್ಕೇ ಎದ್ದದ್ದು ನೋಡಿ ಸಂಕಟವಾಯಿತು.

ಚರ್ಮ ಇಲ್ಲದ ಕೋಳಿಯಲ್ಲಿ ಮೇಲೆ ಗರಿಗರಿ, ಒಳಗೆ ರಸ, ಎರಡೂ ಬರುತ್ತದಾ? ಮಾಡಿ ನೋಡಿದವರು ದಯವಿಟ್ಟು ಹೇಳಿ.

ಒಂಟಿ_ಅಡುಗೆ | ಭಾನುವಾರ, ರಾತ್ರಿ 10:05

ಬುಟ್ಟಿಯೊಳಗೆ ಪೇಪರ್ ಹಾಸಿದ್ರಾ ಮೇಡಂ? ತೊಳೆಯುವ ಕೆಲಸ ತಪ್ಪುತ್ತದೆ ಎಂದು ತುಂಬಾ ಜನ ಹಾಸುತ್ತಾರೆ. ಅದರಿಂದ ಕೆಳಗಿನ ತೂತುಗಳೆಲ್ಲ ಮುಚ್ಚಿಹೋಗುತ್ತವೆ. ಕೋಳಿ ತನ್ನ ನೀರಲ್ಲೇ ಕೂತು ಬೇಯುತ್ತದೆ. ಇನ್ನೊಂದು ವಿಷಯ. ಖಾಲಿ ಬುಟ್ಟಿ ಬಿಸಿ ಮಾಡುವಾಗ ಪೇಪರ್ ಒಂದನ್ನೇ ಒಳಗೆ ಬಿಡಲೇಬೇಡಿ. ಫ್ಯಾನ್ ಗಾಳಿಗೆ ಹಾರಿ ಮೇಲಿನ ಕಾಯಿಲ್‌ಗೆ ತಗುಲಿದರೆ ಹೊತ್ತಿಕೊಳ್ಳುತ್ತದೆ.

ರಾಗಿಮುದ್ದೆ_ಮನೆ | ಭಾನುವಾರ, ರಾತ್ರಿ 10:11

ಹೌದು, ಎರಡು ಸಲವೂ ಹಾಸಿದ್ದೆ. ಇನ್ನು ಹಾಸುವುದಿಲ್ಲ.

ಬಂಗುಡೆ_ಪುಳಿಮುಂಚಿ | ಸೋಮವಾರ, ಬೆಳಿಗ್ಗೆ 6:50

ತಂಗಿ, ಅಪ್ಪನ ಆರೋಗ್ಯ ಚೆನ್ನಾಗಿರಲಿ. ನಾನು ಮಂಗಳೂರಿನವಳು. ಮೂರು ವರ್ಷದಿಂದ ವಾರಕ್ಕೆ ಎರಡು ಸಲವಾದರೂ ಇದರಲ್ಲಿ ಕೋಳಿ ಮಾಡುತ್ತೇನೆ.

ಮೊದಲು ಒಂದು ಮಾತು ಮನಸ್ಸಿಗೆ ತಂದುಕೊಳ್ಳಿ. ಇದು ಬಾಣಲೆ ಅಲ್ಲ. ಹೆಸರಲ್ಲಿ ಫ್ರೈ ಇದ್ದರೂ ಒಳಗೆ ಕರಿಯುವ ಕೆಲಸ ನಡೆಯುವುದಿಲ್ಲ. ಮೇಲೆ ಒಂದು ಕಾಯಿಲ್, ಒಂದು ಫ್ಯಾನ್, ಅಷ್ಟೇ. ಪುಟ್ಟ ಓವನ್ ಇದು. ಬಾಣಲೆಯಲ್ಲಿ ಹಿಟ್ಟು ಬಿದ್ದ ಕ್ಷಣಕ್ಕೇ ಗಟ್ಟಿಯಾಗುತ್ತದೆ, ಯಾಕಂದ್ರೆ ಬಿಸಿ ಎಣ್ಣೆ ಅದನ್ನು ಸುತ್ತಲೂ ಮುಟ್ಟಿಕೊಂಡಿರುತ್ತದೆ. ಗಾಳಿಗೆ ಆ ಕಸುವಿಲ್ಲ. ಗಾಳಿ ಅದನ್ನು ಗಟ್ಟಿ ಮಾಡುವಷ್ಟರಲ್ಲಿ ಹಿಟ್ಟು ತೂತಿನಿಂದ ಇಳಿದಿರುತ್ತದೆ. ನೀರು ನೀರಾದ ಹಿಟ್ಟು ಇದರಲ್ಲಿ ಎಷ್ಟು ಸಲ ಮಾಡಿದರೂ ನಿಲ್ಲುವುದಿಲ್ಲ. ಅದು ನಿಮ್ಮ ಕೈಯ ತಪ್ಪಲ್ಲ.

ಎದೆ ಮಾಂಸ ಬಿಡಿ. ಅಂಗಡಿಯಲ್ಲಿ ಲೆಗ್ ಬೋನ್‌ಲೆಸ್ ಕೇಳಿ. ಎದೆಯಲ್ಲಿ ಕೊಬ್ಬು ಬಹಳ ಕಡಿಮೆ, ಎರಡು ನಿಮಿಷ ಜಾಸ್ತಿಯಾದರೂ ಒಣಗುತ್ತದೆ. ತೊಡೆ ಮಾಂಸ ಸ್ವಲ್ಪ ತಾಳಿಕೊಳ್ಳುತ್ತದೆ. ಕಣ್ಣಿಗೆ ಕಾಣುವ ಹಳದಿ ಕೊಬ್ಬನ್ನು ಚಾಕುವಿನಿಂದ ತೆಗೆದುಬಿಡಿ.

ಮೂರನೆಯದು ಎಣ್ಣೆ. ಒಂದು ಹನಿಯೂ ಬೇಡ ಎಂದರೆ ಗರಿ ಬರುವುದಿಲ್ಲ. ಹಿಟ್ಟಿಗೆ ಎಣ್ಣೆ ತಾಗದಿದ್ದರೆ ಅದು ಹಿಟ್ಟಾಗಿಯೇ ಉಳಿಯುತ್ತದೆ. ನಿಮ್ಮ ಕೋಳಿ ಮೇಲೆ ಬಿಳಿ ಪುಡಿ ಉಳಿದದ್ದು ಅದಕ್ಕೇ. ಅರ್ಧ ಕೆಜಿಗೆ ಒಂದು ದೊಡ್ಡ ಚಮಚ ಎಣ್ಣೆ ಸಾಕು. ನಾಲ್ಕು ಜನ ತಿಂದರೆ ಒಬ್ಬರ ಪಾಲಿಗೆ ಮುಕ್ಕಾಲು ಟೀ ಚಮಚ ಬರುತ್ತದೆ.

ಧಾರವಾಡ_ಖಾರ | ಸೋಮವಾರ, ಬೆಳಿಗ್ಗೆ 8:15

ಎಣ್ಣೆ ಹಾಕಲೇಬೇಕು ಅನ್ನುವುದಾದರೆ ತವಾದಲ್ಲೇ ಮಾಡಬಹುದಲ್ರೀ? ನಮ್ಮ ಮನೆಯಲ್ಲಿ ಕಬ್ಬಿಣದ ತವಾ ಮೇಲೆ ಎರಡು ಚಮಚ ಎಣ್ಣೆಯಲ್ಲಿ ಕೋಳಿ ಹುರಿಯುತ್ತೇವೆ. ಛಲೋ ಬರುತ್ತದೆ. ಅಷ್ಟು ದುಡ್ಡು ಕೊಟ್ಟು ಮಷೀನ್ ಯಾಕೆ ಬೇಕು ಅಂತ ನನಗೆ ಇನ್ನೂ ತಿಳಿದಿಲ್ಲ. ಬೇಜಾರಾಗಬೇಡಿ, ನಿಜವಾಗಿ ಕೇಳುತ್ತಿದ್ದೇನೆ.

ಬಂಗುಡೆ_ಪುಳಿಮುಂಚಿ | ಸೋಮವಾರ, ಬೆಳಿಗ್ಗೆ 9:02

ತವಾದಲ್ಲಿ ಖಂಡಿತ ಆಗುತ್ತದೆ ಅಣ್ಣಾ. ಆದರೆ ತಳ ಮುಟ್ಟಿದ ಕಡೆ ಮಾತ್ರ ಕೆಂಪಾಗುತ್ತದೆ. ಉಳಿದ ಬದಿಗಳಿಗೆ ತಿರುಗಿಸುತ್ತಾ ನಿಲ್ಲಬೇಕು. ಕೋಳಿ ನೀರು ಬಿಟ್ಟರೆ ತವಾದಲ್ಲೇ ನಿಂತು ಹುರಿಯುವ ಬದಲು ಬೇಯುತ್ತದೆ. ಇಲ್ಲಿ ನೀರು ಕೆಳಗೆ ಇಳಿದುಹೋಗುತ್ತದೆ, ಗಾಳಿ ಎಲ್ಲ ಬದಿಗೂ ತಾಗುತ್ತದೆ. ಮಷೀನ್ ಇಲ್ಲದವರು ಇದಕ್ಕೋಸ್ಕರವೇ ಕೊಳ್ಳಬೇಕು ಅಂತ ನಾನು ಹೇಳುವುದಿಲ್ಲ. ಇದ್ದವರು ಸರಿಯಾಗಿ ಬಳಸಲಿ ಅಂತ ಅಷ್ಟೇ.

ಪ್ರಯೋಗಶಾಲೆ | ಸೋಮವಾರ, ಮಧ್ಯಾಹ್ನ 1:30

ನಾನು ಆಹಾರ ವಿಜ್ಞಾನ ಪಾಠ ಮಾಡುವವನು. ಅಕ್ಕ ಹೇಳಿದ್ದೆಲ್ಲ ಸರಿ. ಅದರ ಹಿಂದಿನ ಕಾರಣ ತಿಳಿದುಕೊಂಡರೆ ನಿಮಗೆ ಬೇರೆ ಯಾವ ಮಾಂಸಕ್ಕೂ ಲೆಕ್ಕ ಸಿಗುತ್ತದೆ.

ಗರಿಗರಿ ಬೇರೆ, ರಸ ಬೇರೆ. ಒಂದಕ್ಕೆ ಮಾಡುವ ಕೆಲಸ ಇನ್ನೊಂದನ್ನು ಕೆಡಿಸುತ್ತದೆ. ಹೊರಗಿನ ನೀರು ಹೋಗಬೇಕು, ಒಳಗಿನದ್ದು ಉಳಿಯಬೇಕು.

ಹೊರಗಿನದ್ದು ಮೊದಲು ನೋಡೋಣ. ನೀರು 100 ಡಿಗ್ರಿಯಲ್ಲಿ ಆವಿಯಾಗುತ್ತದೆ. ಕೋಳಿಯ ಮೇಲೆ ನೀರಿರುವ ತನಕ ಅಲ್ಲಿನ ಬಿಸಿ 100 ದಾಟುವುದಿಲ್ಲ, ನೀವು 200 ಇಟ್ಟರೂ ಅಷ್ಟೇ. ಕೆಂಪು ಬಣ್ಣ, ಹುರಿದ ಪರಿಮಳ ಚೆನ್ನಾಗಿ ಬರುವುದು ಸುಮಾರು 140 ಡಿಗ್ರಿ ದಾಟಿದ ಮೇಲೆ. ಹಾಗಾಗಿ ಒದ್ದೆ ಕೋಳಿ ಮೊದಲ ಎಷ್ಟೋ ನಿಮಿಷ ಬರೀ ನೀರು ಆರಿಸಿಕೊಳ್ಳುತ್ತಿರುತ್ತದೆ. ಅದು ಕೆಂಪಾಗಲಿ ಎಂದು ಕಾಯುತ್ತೀರಿ. ಅಷ್ಟರಲ್ಲಿ ಒಳಗಿನ ರಸ ಮುಗಿದಿರುತ್ತದೆ. 25 ನಿಮಿಷದಲ್ಲಿ ನಿಮಗೆ ಆದದ್ದು ಇದು. ಆದ್ದರಿಂದ ಮಸಾಲೆ ಹಚ್ಚುವ ಮೊದಲೇ ಕೋಳಿಯನ್ನು ಹಳೆಯ ಕಾಟನ್ ಬಟ್ಟೆಯಲ್ಲೋ ಟಿಶ್ಯೂನಲ್ಲೋ ಒತ್ತಿ ಒತ್ತಿ ಒರೆಸಿ. ಬಟ್ಟೆಯಾದರೆ ಆಮೇಲೆ ಬಿಸಿನೀರಲ್ಲಿ ಸೋಪು ಹಾಕಿ ಒಗೆಯಿರಿ.

ಇನ್ನು ಒಳಗಿನದ್ದು. ರಸ ಉಳಿಸುವುದು ಉಪ್ಪು. ಅರ್ಧ ಕೆಜಿ ಮಾಂಸಕ್ಕೆ 5 ಗ್ರಾಂ, ಅಂದರೆ ಮಟ್ಟಸವಾದ ಒಂದು ಟೀ ಚಮಚ. ಉಪ್ಪು ಹಚ್ಚಿದಾಗ ಮೊದಲು ನೀರು ಹೊರಗೆ ಬರುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಆ ಉಪ್ಪುನೀರು ನಿಧಾನವಾಗಿ ಒಳಗೆ ಇಳಿಯುತ್ತದೆ. ಮಾಂಸದ ಪ್ರೋಟೀನ್ ಸಡಿಲವಾಗಿ, ಬೆಂದಾಗಲೂ ನೀರು ಹಿಡಿದುಕೊಳ್ಳುತ್ತದೆ. ಕನಿಷ್ಠ ಒಂದು ಗಂಟೆ, ಸಾಧ್ಯವಾದರೆ ನಾಲ್ಕು ಗಂಟೆ. ಅಪ್ಪನಿಗೆ ಬಿಪಿ ಇದ್ದು ಉಪ್ಪಿಗೆ ಮಿತಿ ಹೇಳಿದ್ದರೆ ಇದನ್ನು ಕಡಿಮೆ ಮಾಡಿ. ಸಾಸ್, ಪ್ಯಾಕೆಟ್ ಮಸಾಲೆ ಯಾವುದೂ ಬೇಡ. ಅವುಗಳಲ್ಲಿ ಉಪ್ಪು ಇದ್ದೇ ಇರುತ್ತದೆ.

ಕೊನೆಯದು ತೆಗೆಯುವ ಹೊತ್ತು. ಕೋಳಿಯ ನಡುಭಾಗ 74 ಡಿಗ್ರಿ ಮುಟ್ಟಿದರೆ ತಿನ್ನಲು ಸುರಕ್ಷಿತ. ಎದೆಯನ್ನು ಅಲ್ಲಿಗೇ ನಿಲ್ಲಿಸಬೇಕು. ತೊಡೆ ಮಾತ್ರ 80 ದಾಟಿದರೆ ಇನ್ನೂ ಮೆತ್ತಗಾಗುತ್ತದೆ, ಅದರಲ್ಲಿರುವ ನಾರು ಕರಗುತ್ತದೆ. ಚುಚ್ಚಿ ನೋಡುವ ಡಿಜಿಟಲ್ ಥರ್ಮಾಮೀಟರ್ ಐನೂರು ರೂಪಾಯಿಯೊಳಗೆ ಸಿಗುತ್ತದೆ. ನಿಮ್ಮ ಅಡುಗೆಮನೆಗೆ ಒಂದೇ ಒಂದು ಹೊಸ ಸಾಮಾನು ತರುವುದಾದರೆ ಅದನ್ನೇ ತನ್ನಿ ಎನ್ನುತ್ತೇನೆ.

ಹಾಸನದ_ಅಜ್ಜಿಮನೆ | ಸೋಮವಾರ, ಸಂಜೆ 5:20

ಸರ್, ಒರೆಸಿ ಅಂದಿರಿ, ತೊಳೆಯುವ ಮಾತೇ ಇಲ್ಲವಲ್ಲ? ಅರಿಶಿನ, ಉಪ್ಪು ಹಾಕಿ ಮೂರು ನೀರು ತೊಳೆಯದೆ ನಾನು ಕೋಳಿ ಮುಟ್ಟುವುದಿಲ್ಲ. ನಮ್ಮಮ್ಮ ಹೇಳಿಕೊಟ್ಟದ್ದು ಅದು.

ಪ್ರಯೋಗಶಾಲೆ | ಸೋಮವಾರ, ಸಂಜೆ 6:45

ಅಮ್ಮಾ, ನಮ್ಮ ಮನೆಯಲ್ಲೂ ತೊಳೆಯುತ್ತಿದ್ದರು. ಊರಲ್ಲಿ ಕೋಳಿ ಕೊಯ್ದು, ಪುಕ್ಕ ಕಿತ್ತು, ಬೆಂಕಿಯಲ್ಲಿ ಸುಟ್ಟು ತರುತ್ತಿದ್ದ ಕಾಲದಲ್ಲಿ ಅದು ಬೇಕೇ ಬೇಕಿತ್ತು. ಹಸಿ ಕೋಳಿಯಲ್ಲಿ ಸಾಲ್ಮೊನೆಲ್ಲಾ, ಕ್ಯಾಂಪಿಲೋಬ್ಯಾಕ್ಟರ್ ಎಂಬ ರೋಗಾಣುಗಳು ಇರಬಹುದು. ನೀರಿಗೆ ಅವು ಸಾಯುವುದಿಲ್ಲ, ಬೆಂಕಿಗೆ ಸಾಯುತ್ತವೆ. ನಲ್ಲಿ ಕೆಳಗೆ ಹಿಡಿದು ತೊಳೆದರೆ ಹನಿಗಳು ಸಿಡಿದು ಪಕ್ಕದ ತಟ್ಟೆಗೆ, ಕೊತ್ತಂಬರಿ ಸೊಪ್ಪಿಗೆ ಹೋಗುತ್ತವೆ. ತೊಳೆಯದೆ ಮನಸ್ಸು ಒಪ್ಪದಿದ್ದರೆ ನಲ್ಲಿ ಬಿಟ್ಟು ಪಾತ್ರೆಯಲ್ಲಿ ನೀರು ತುಂಬಿಸಿ ಮೆಲ್ಲಗೆ ತೊಳೆಯಿರಿ. ಸಿಂಕ್ ಸೋಪಿನಿಂದ ಉಜ್ಜಿ. ಏರ್ ಫ್ರೈಯರ್‌ಗೆ ಹಾಕುವುದಾದರೆ ಅರ್ಧ ಗಂಟೆ ಜಾಲರಿಯಲ್ಲಿಟ್ಟು ನೀರು ಬಸಿದು, ಆಮೇಲೆ ಒರೆಸಿ.

ಹಾಸನದ_ಅಜ್ಜಿಮನೆ | ಸೋಮವಾರ, ಸಂಜೆ 7:10

ಪಾತ್ರೆಯಲ್ಲಿ ತೊಳೆಯುವುದು ಒಪ್ಪುತ್ತೇನೆ. ತೊಳೆಯುವುದು ಬಿಡಲಾರೆ. ಹಾಗೇ ಇನ್ನೊಂದು ಕೇಳಬೇಕು. ನಾಟಿ ಕೋಳಿ ಇದರಲ್ಲಿ ಆಗುತ್ತದಾ?

ಬಂಗುಡೆ_ಪುಳಿಮುಂಚಿ | ಸೋಮವಾರ, ರಾತ್ರಿ 8:30

ಬೇಡ ಅಮ್ಮಾ. ನಾಟಿ ಕೋಳಿ ಓಡಾಡಿ ಬೆಳೆದದ್ದು, ಬ್ರಾಯ್ಲರ್‌ಗಿಂತ ವಯಸ್ಸೂ ಜಾಸ್ತಿ. ಅದರ ಮಾಂಸ ನೀರಲ್ಲಿ ನಿಧಾನವಾಗಿ ಬೇಯಬೇಕು. ಒಣ ಗಾಳಿಗೆ ಕೊಟ್ಟರೆ ಚಕ್ಕಳವಾಗುತ್ತದೆ. ಸಾರಿಗೇ ಅದು ಚೆಂದ. ಮಾಡಲೇಬೇಕು ಅಂದರೆ ಮೊದಲು ಕುಕ್ಕರ್‌ನಲ್ಲಿ ಮೆತ್ತಗಾಗುವ ತನಕ ಬೇಯಿಸಿ, ನೀರು ಬಸಿದು ಸಾರಿಗೆ ಇಟ್ಟುಕೊಂಡು, ತುಂಡುಗಳಿಗೆ ಮೆಣಸಿನ ಪುಡಿ, ಒಂದು ಚಮಚ ತುಪ್ಪ ಹಚ್ಚಿ 200ರಲ್ಲಿ ಏಳೆಂಟು ನಿಮಿಷ ಇಡಿ.

ಡಲ್ಲಾಸ್_ಕನ್ನಡಿಗ | ಮಂಗಳವಾರ, ಬೆಳಿಗ್ಗೆ 7:30

ಇಲ್ಲಿ ಅಂಗಡಿಯಲ್ಲಿ ರೆಕ್ಕೆ, ಡ್ರಮ್‌ಸ್ಟಿಕ್ ಚರ್ಮದ ಸಮೇತವೇ ಸಿಗುತ್ತದೆ. ರಾಗಿಮುದ್ದೆ ಅವರ ಅಪ್ಪನಿಗೆ ಇದು ಬೇಡ. ಓದುತ್ತಿರುವ ಬೇರೆಯವರಿಗೆ ಬರೆಯುತ್ತಿದ್ದೇನೆ.

ಚರ್ಮ ಇದ್ದರೆ ಹಿಟ್ಟೇ ಬೇಡ. ಅರ್ಧ ಕೆಜಿ ರೆಕ್ಕೆಗೆ ಒಂದು ಟೀ ಚಮಚ ಬೇಕಿಂಗ್ ಪೌಡರ್, ಉಪ್ಪು, ಕಾಳುಮೆಣಸಿನ ಪುಡಿ. ಚೆನ್ನಾಗಿ ಒರೆಸಿ, ಇದನ್ನು ಹಚ್ಚಿ, ರಾತ್ರಿಯೆಲ್ಲ ಫ್ರಿಜ್‌ನಲ್ಲಿ ಮುಚ್ಚದೆ ಇಡಬೇಕು. ಫ್ರಿಜ್ಜಿನ ಒಣ ಗಾಳಿಗೆ ಚರ್ಮ ಬಿಗಿದು ಕಾಗದದಂತಾಗುತ್ತದೆ. ಬೆಳಿಗ್ಗೆ 200 ಡಿಗ್ರಿಯಲ್ಲಿ 22ರಿಂದ 25 ನಿಮಿಷ, ನಡುವೆ ಎರಡು ಸಲ ತಿರುಗಿಸುವುದು. ಇಲ್ಲಿನ ಮಷೀನ್‌ಗಳಲ್ಲಿ ಫ್ಯಾರನ್‌ಹೀಟ್ ಇರುತ್ತದೆ, ಅದರಲ್ಲಿ 400. ಎಣ್ಣೆ ಹಾಕುವುದೇ ಬೇಡ, ಚರ್ಮದ ಕೊಬ್ಬೇ ಕರಗಿ ಆ ಕೆಲಸ ಮಾಡುತ್ತದೆ.

ಬೇಕಿಂಗ್ ಪೌಡರ್ ಅಂದೆ. ಅಡುಗೆ ಸೋಡಾ ಅಲ್ಲ. ಸೋಡಾ ಅಷ್ಟು ಹಾಕಿದರೆ ಸೋಪು ನೆಕ್ಕಿದ ಹಾಗಿರುತ್ತದೆ.

ಕೊಬ್ಬು ಕೆಳಗೆ ತೊಟ್ಟಿಕ್ಕಿ ಹೊಗೆ ಬರುತ್ತದೆ. ಅಪಾರ್ಟ್‌ಮೆಂಟ್‌ನಲ್ಲಿ ಹೊಗೆ ಅಲಾರಂ ಕೂಗಿ ಪಕ್ಕದ ಮನೆಯವರು ಹೊರಗೆ ಬಂದದ್ದೂ ಇದೆ. ಬುಟ್ಟಿಯ ಕೆಳಗಿನ ಡ್ರಾಯರ್‌ನಲ್ಲಿ ಎರಡು ಮೂರು ಚಮಚ ನೀರು ಹಾಕಿಟ್ಟರೆ ಹೊಗೆ ನಿಲ್ಲುತ್ತದೆ.

ಒಂಟಿ_ಅಡುಗೆ | ಮಂಗಳವಾರ, ಬೆಳಿಗ್ಗೆ 8:00

ಊರಿನ ಫ್ರಿಜ್‌ಗಳಲ್ಲಿ ಹಾಲು, ಹೂವು, ದೋಸೆ ಹಿಟ್ಟು ಎಲ್ಲ ಒಟ್ಟಿಗೆ ಇರುತ್ತವೆ ಸರ್. ಮುಚ್ಚದೆ ಇಡುವವರು ಹಸಿ ಕೋಳಿಯನ್ನು ಎಲ್ಲಕ್ಕಿಂತ ಕೆಳಗಿನ ಶೆಲ್ಫ್‌ನಲ್ಲಿ, ಅಂಚು ಎತ್ತರ ಇರುವ ತಟ್ಟೆಯಲ್ಲೇ ಇಡಿ. ನೀರು ಬೇರೆ ಯಾವುದರ ಮೇಲೂ ಬೀಳಬಾರದು.

ವೈರ್‌ಮನ್_ಶಿರಾ | ಮಂಗಳವಾರ, ರಾತ್ರಿ 9:15

ಅಡುಗೆ ನನಗೆ ಅಷ್ಟು ಬರುವುದಿಲ್ಲ. ವೈರಿಂಗ್ ಬರುತ್ತದೆ. ಯಾರೂ ಹೇಳಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

1500 ವಾಟ್ ಮಷೀನ್ 230 ವೋಲ್ಟ್‌ನಲ್ಲಿ ಆರೂವರೆ ಆಂಪಿಯರ್ ಎಳೆಯುತ್ತದೆ. ನಿಮ್ಮ ಮಿಕ್ಸಿ ಹಾಕುವ ಚಿಕ್ಕ ಪಾಯಿಂಟ್ 6 ಆಂಪಿಯರ್‌ದು. ಅದಕ್ಕೆ ಅಡಾಪ್ಟರ್ ಸಿಕ್ಕಿಸಿ ಅರ್ಧ ಗಂಟೆ ಓಡಿಸಿದರೆ ಪಾಯಿಂಟ್ ಬಿಸಿಯಾಗಿ ಕರಗಬಹುದು. ಹಾಗೆ ಕರಗಿದ ಪಾಯಿಂಟ್‌ಗಳನ್ನು ನಾನೇ ಎಷ್ಟೋ ಬದಲಾಯಿಸಿದ್ದೇನೆ. 16 ಆಂಪಿಯರ್ ಪಾಯಿಂಟ್‌ಗೇ ಹಾಕಿ. ಬಾಡಿಗೆ ಮನೆಯಾದರೂ ಒಂದು ಪಾಯಿಂಟ್ ಹಾಕಿಸಿಕೊಳ್ಳಿ. ಎಕ್ಸ್‌ಟೆನ್ಷನ್ ಬಾಕ್ಸ್ ಬೇಡವೇ ಬೇಡ.

ಇನ್ನೊಂದು. ನಮ್ಮ ಕಡೆ ಬೇಸಿಗೆ ಸಂಜೆ ವೋಲ್ಟೇಜ್ ಇಳಿಯುತ್ತದೆ. 230 ಇರಬೇಕಾದ್ದು 200ಕ್ಕೆ ಬಂದರೆ ಕಾಯಿಲ್‌ನ ಶಕ್ತಿ ಕಾಲು ಭಾಗ ಬಿದ್ದುಹೋಗುತ್ತದೆ. 1500 ವಾಟ್ ಇದ್ದದ್ದು 1130ರ ಹತ್ತಿರ ಆಗುತ್ತದೆ. ಮಧ್ಯಾಹ್ನ ಗರಿಗರಿ ಬಂದದ್ದು ರಾತ್ರಿ ಮೆತ್ತಗೆ ಬಂತು ಅಂತ ನಮ್ಮ ಮನೆಯವರು ಹೇಳುತ್ತಿದ್ದರು. ಮೀಟರ್ ಇಟ್ಟು ನೋಡಿದ ಮೇಲೆ ಕಾರಣ ಗೊತ್ತಾಯಿತು. ಅಂಥ ಕಡೆ ನಿಮಿಷ ಲೆಕ್ಕ ಹಿಡಿಯಬೇಡಿ, ಆ ಸರ್ ಹೇಳಿದ ಥರ್ಮಾಮೀಟರೇ ಸರಿ.

ಬಂಗುಡೆ_ಪುಳಿಮುಂಚಿ | ಮಂಗಳವಾರ, ರಾತ್ರಿ 9:40

ಅಣ್ಣಾ, ತುಂಬಾ ಉಪಕಾರ. ಇಷ್ಟು ವರ್ಷ ಸಂಜೆ ಹೊತ್ತಿಗೆ ಮಾಡಿದಾಗ ಯಾಕೆ ಹೆಚ್ಚು ಹೊತ್ತು ಹಿಡಿಯುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ನಮ್ಮಲ್ಲೂ ಇದೇ ಇರಬೇಕು.

ರಾಗಿಮುದ್ದೆ_ಮನೆ | ಭಾನುವಾರ, ಮಧ್ಯಾಹ್ನ 3:25

ಇವತ್ತು ಮೂರನೇ ಸಲ ಮಾಡಿದೆ. 16 ಆಂಪಿಯರ್ ಪಾಯಿಂಟ್ ಅಡುಗೆಮನೆಯಲ್ಲಿ ಗ್ರೈಂಡರ್ ಹತ್ತಿರ ಇತ್ತು, ಮಷೀನ್ ಅಲ್ಲಿಗೇ ಸರಿಸಿದೆ.

ಲೆಗ್ ಬೋನ್‌ಲೆಸ್ ಅರ್ಧ ಕೆಜಿ. ಚೆನ್ನಾಗಿ ಒರೆಸಿದೆ. ಉಪ್ಪು, ಶುಂಠಿ ಬೆಳ್ಳುಳ್ಳಿ ಪೇಸ್ಟ್, ಅಚ್ಚಖಾರದ ಪುಡಿ, ಒಂದು ಇಡೀ ನಿಂಬೆಹಣ್ಣಿನ ರಸ, ನಾಲ್ಕು ಚಮಚ ಮೊಸರು ಹಾಕಿ ರಾತ್ರಿಯೆಲ್ಲ ಇಟ್ಟೆ. ಬೆಳಿಗ್ಗೆ ಅಕ್ಕಿ ಹಿಟ್ಟು, ಕಾರ್ನ್‌ಫ್ಲೋರ್, ಒಂದು ಚಮಚ ಎಣ್ಣೆ. 200 ಡಿಗ್ರಿ, 15 ನಿಮಿಷ.

ರಸ ಇದೆ! ಎಲ್ಲರಿಗೂ ಕೈ ಮುಗಿಯುತ್ತೇನೆ. ಆದರೆ ಮೂರು ತೊಂದರೆ. ಮೇಲಿನ ಮಸಾಲೆ ಅಲ್ಲಲ್ಲಿ ಕಪ್ಪಾಗಿ ಕಹಿ ಬಂತು. ಮಾಂಸ ಮೆತ್ತಗಿದ್ದರೂ ಹೊರಪದರ ಹಿಟ್ಟುಹಿಟ್ಟಾಗಿ ಪಿಸಿಯುತ್ತಿತ್ತು. ಮೇಲೆ ಹಾಕಿದ ಕರಿಬೇವೆಲ್ಲ ಹಾರಿ ಕಾಯಿಲ್‌ಗೆ ಅಂಟಿ ಸುಟ್ಟ ವಾಸನೆ ಬಂತು. ಅಮ್ಮ ಕೆಂಪು ಬಣ್ಣ ಸ್ವಲ್ಪ ಹಾಕು, ನೋಡಲು ಕಬಾಬ್ ಹಾಗೆ ಕಾಣಲಿ ಅನ್ನುತ್ತಿದ್ದಾರೆ.

ಕೊಡಗಿನ_ಕಾಳುಮೆಣಸು | ಭಾನುವಾರ, ಸಂಜೆ 4:50

ಪಿಸಿದದ್ದು ನಿಂಬೆಹಣ್ಣಿನಿಂದ. ಹುಳಿಯಲ್ಲಿ ರಾತ್ರಿಯೆಲ್ಲ ಬಿಟ್ಟರೆ ಮಾಂಸದ ಮೇಲ್ಪದರ ಬೆಂದ ಹಾಗಾಗಿ ಸಡಿಲವಾಗುತ್ತದೆ. ನಾವು ಕೋಳಿ ಹುರಿಯುವಾಗ ಹುಳಿಯನ್ನು ಕೊನೆಗೇ ಹಾಕುವುದು. ನಿಂಬೆರಸವಾಗಲಿ, ಕಾಚಂಪುಳಿ ಅನ್ನುವ ನಮ್ಮ ಕೊಡಗಿನ ಕಪ್ಪು ಹುಳಿಯಾಗಲಿ, ಬಿಸಿ ಇರುವಾಗ ನಾಲ್ಕು ಹನಿ ಸಾಕು. ಕಾಚಂಪುಳಿ ತುಂಬಾ ಗಟ್ಟಿ, ಕಾಲು ಚಮಚ ದಾಟಬೇಡಿ. ಖಾರಕ್ಕೂ ಅಷ್ಟೇ, ಅರ್ಧ ಅಚ್ಚಖಾರ, ಅರ್ಧ ತರಿತರಿಯಾಗಿ ಕುಟ್ಟಿದ ಕಾಳುಮೆಣಸು ಹಾಕಿ ನೋಡಿ. ಕಪ್ಪಾಗುವುದು ಕಡಿಮೆಯಾಗುತ್ತದೆ.

ಬಂಗುಡೆ_ಪುಳಿಮುಂಚಿ | ಭಾನುವಾರ, ಸಂಜೆ 6:10

ಬಣ್ಣದ ವಿಷಯ ಅಮ್ಮನಿಗೆ ಹೇಳಿ. 2024ರ ಜೂನ್‌ನಲ್ಲಿ ನಮ್ಮ ಸರ್ಕಾರವೇ ಕಬಾಬ್‌ಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿದೆ. ಆಗ ಪರೀಕ್ಷೆ ಮಾಡಿದ 39 ಕಬಾಬ್ ಮಾದರಿಗಳಲ್ಲಿ 8ರಲ್ಲಿ ಬೇಡದ ಬಣ್ಣ ಸಿಕ್ಕಿತ್ತು. ಅಂಗಡಿಯವರಿಗೇ ಬೇಡ ಅಂದದ್ದನ್ನು ಮನೆಯಲ್ಲಿ, ಅದರಲ್ಲೂ ಹೃದಯದ ತೊಂದರೆ ಇರುವವರಿಗೆ ಯಾಕೆ ಹಾಕಬೇಕು?

ಬಣ್ಣಕ್ಕೆ ಬ್ಯಾಡಗಿ ಮೆಣಸಿನಕಾಯಿ ಇದೆಯಲ್ಲ. ಹಾವೇರಿ ಜಿಲ್ಲೆಯ ಆ ಊರಿನ ಹೆಸರಿಗೆ 2011ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆಯೂ ಬಂದಿದೆ. ಖಾರ ಕಡಿಮೆ, ಬಣ್ಣ ಕೆಂಪೆಂದರೆ ಕೆಂಪು. ಬೀಜ ತೆಗೆದು, ಬಿಸಿಲಲ್ಲಿ ಒಣಗಿಸಿ, ನುಣ್ಣಗೆ ಪುಡಿ ಮಾಡಿ ಜರಡಿ ಹಿಡಿಯಿರಿ. ನೆನೆಸಿ ರುಬ್ಬುವುದು ಇಲ್ಲಿ ಬೇಡ, ನೀರು ಸೇರುತ್ತದೆ. ಪುಡಿಯನ್ನು ಎಣ್ಣೆಯಲ್ಲಿ ಕಲಸಿ ಹಚ್ಚಿದರೆ ಬಣ್ಣ ಚೆನ್ನಾಗಿ ಬಿಡುತ್ತದೆ.

ಕಪ್ಪಾಗುವುದಕ್ಕೆ ಕಾರಣ ಪೂರ್ತಿ ಹೊತ್ತು 200ರಲ್ಲಿ ಇಟ್ಟದ್ದು. ಮೆಣಸಿನ ಪುಡಿ, ಬೆಳ್ಳುಳ್ಳಿ ಎರಡೂ ಬೇಗ ಸೀಯುತ್ತವೆ. 180ರಲ್ಲಿ ಬೇಯಿಸಿ, ಕೊನೆಯ ಮೂರು ನಿಮಿಷ ಮಾತ್ರ 200. ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ಒಂದು ಗಂಟೆ ನೀರಿಳಿಸಿ ಹಾಕಿ. ಕರಿಬೇವಿಗೆ ಒಲೆ ಮೇಲೆ ಸೌಟಿನಲ್ಲಿ ಅರ್ಧ ಚಮಚ ಎಣ್ಣೆ ಬಿಸಿ ಮಾಡಿ ಹುರಿದು, ತಟ್ಟೆಗೆ ಹಾಕಿದ ಮೇಲೆ ಸುರಿಯಿರಿ. ಎಣ್ಣೆ ಅಷ್ಟನ್ನು ಬೇರೆ ಕಡೆ ಕಡಿಮೆ ಮಾಡಿದರಾಯಿತು.

ಪ್ರಯೋಗಶಾಲೆ | ಭಾನುವಾರ, ರಾತ್ರಿ 8:00

ಹಿಟ್ಟಿನ ಬಗ್ಗೆ ಒಂದು ಸಣ್ಣ ಮಾತು. ಎರಡು ಪಾಲು ಅಕ್ಕಿ ಹಿಟ್ಟು, ಒಂದು ಪಾಲು ಕಾರ್ನ್‌ಫ್ಲೋರ್, ಅಂಟಲು ಒಂದು ಮೊಟ್ಟೆಯ ಬಿಳಿ. ಕಲಸಿದಾಗ ತುಂಡಿನ ಮೇಲೆ ತೆಳುವಾಗಿ ಮೆತ್ತಿಕೊಂಡಿರಬೇಕು, ಪಾತ್ರೆಯ ತಳದಲ್ಲಿ ಏನೂ ಉಳಿಯಬಾರದು. ತಳದಲ್ಲಿ ಹಿಟ್ಟು ನಿಂತಿದ್ದರೆ ನೀರು ಜಾಸ್ತಿ ಎಂದೇ ಲೆಕ್ಕ. ಹಿಟ್ಟು ಹಚ್ಚಿ ಹತ್ತು ನಿಮಿಷ ಬಿಟ್ಟು ಆಮೇಲೆ ಬುಟ್ಟಿಗೆ ಹಾಕಿ. ಮಷೀನ್ ಐದು ನಿಮಿಷ ಮೊದಲೇ ಬಿಸಿಯಾಗಿರಲಿ. ತಣ್ಣಗಿನ ಜಾಲರಿಗೆ ಹಿಟ್ಟು ಕಚ್ಚಿಕೊಳ್ಳುತ್ತದೆ.

ಅಂಗಡಿಯ ಒತ್ತುವ ಡಬ್ಬಿಯ ಸ್ಪ್ರೇ ಎಣ್ಣೆ ಬೇಡ. ಅದರಲ್ಲಿ ಸೇರಿಸುವ ಲೆಸಿಥಿನ್ ಬುಟ್ಟಿಯ ಮೇಲೆ ಅಂಟಿ ಗಟ್ಟಿಯಾಗಿ ಕೋಟಿಂಗ್ ಹಾಳಾಗುತ್ತದೆ. ದೋಸೆಗೆ ಎಣ್ಣೆ ಸವರುವ ಬ್ರಷ್ ಸಾಕು.

ರಾಗಿಮುದ್ದೆ_ಮನೆ | ಶನಿವಾರ, ರಾತ್ರಿ 10:30

ನಾಲ್ಕನೇ ಸಲ. ಬುಟ್ಟಿಯಿಂದ ತೆಗೆದಾಗ ಚಮಚದಿಂದ ತಟ್ಟಿದರೆ ಟಕಟಕ ಸದ್ದು ಬಂತು. ಬಣ್ಣ ಬ್ಯಾಡಗಿಯದ್ದೇ, ಅಮ್ಮ ಒಪ್ಪಿದರು. ಒಂದು ಕೆಜಿ ಮಾಡಿದ್ದೆ, ಮೂರು ಒಬ್ಬೆ ಆಯಿತು. ಮೊದಲ ಎರಡು ಒಬ್ಬೆಯನ್ನು ಬಿಸಿಯಿರಲಿ ಎಂದು ಹಾಟ್‌ಬಾಕ್ಸ್‌ಗೆ ಹಾಕಿದೆ. ಊಟದ ಹೊತ್ತಿಗೆ ಎಲ್ಲ ಮೆತ್ತಗಾಗಿತ್ತು. ಹೊಸತೊಡಕಿಗೆ ಎಂಟು ಜನ ಇರುತ್ತೇವೆ. ಎಲ್ಲರಿಗೂ ಒಟ್ಟಿಗೆ ಬಡಿಸುವುದು ಹೇಗೆ?

ಡಲ್ಲಾಸ್_ಕನ್ನಡಿಗ | ಭಾನುವಾರ, ಬೆಳಿಗ್ಗೆ 6:20

ಹಾಟ್‌ಬಾಕ್ಸ್‌ನಲ್ಲಿ ಅದರದ್ದೇ ಹಬೆ ಅದನ್ನು ನೆನೆಸಿತು. ಬಿಸಿ ಕೋಳಿಯನ್ನು ಮುಚ್ಚಲೇಬಾರದು. ಜಾಲರಿಯ ಮೇಲೆ ತೆರೆದಿಡಿ, ಕೆಳಗೂ ಗಾಳಿ ಆಡಬೇಕು. ಎಲ್ಲ ಒಬ್ಬೆ ಮುಗಿದ ಮೇಲೆ ಬಡಿಸುವ ಮುಂಚೆ ಪೂರ್ತಿ ಒಟ್ಟಿಗೆ ಬುಟ್ಟಿಗೆ ಹಾಕಿ 190ರಲ್ಲಿ ಮೂರು ನಿಮಿಷ. ಈ ಸಲ ಒಂದರ ಮೇಲೊಂದು ಕೂತರೂ ಪರವಾಗಿಲ್ಲ, ಯಾಕಂದ್ರೆ ನೀರು ಮೊದಲೇ ಹೋಗಿದೆ. ನಡುವೆ ಒಂದು ಸಲ ಕುಲುಕಿ. ಹಸಿ ಇದ್ದಾಗ ಮಾತ್ರ ತುಂಡಿಗೆ ತುಂಡು ತಾಗಬಾರದು, ನಿಮ್ಮ ಬುಟ್ಟಿಗೆ ಒಂದು ಸಲಕ್ಕೆ 350 ಗ್ರಾಂ ಸಾಕು.

ಒಂಟಿ_ಅಡುಗೆ | ಭಾನುವಾರ, ಬೆಳಿಗ್ಗೆ 9:10

ಮಾರನೇ ದಿನಕ್ಕೆ ಉಳಿದರೂ ಇದೇ ರೀತಿ. ಮೈಕ್ರೋವೇವ್ ಬೇಡ. ಫ್ರಿಜ್‌ನಿಂದ ತೆಗೆದು 170ರಲ್ಲಿ ಐದಾರು ನಿಮಿಷ, ಒಳಗೂ ಹೊಗೆಯಾಡುವಷ್ಟು ಬಿಸಿಯಾಗಬೇಕು.

ರಾಗಿಮುದ್ದೆ_ಮನೆ | ಸೋಮವಾರ, ರಾತ್ರಿ 9:55

ಇವತ್ತು ಹೊಸತೊಡಕು. ಮಾಡಿದ್ದನ್ನು ಹಾಗೇ ಬರೆಯುತ್ತೇನೆ, ಬೇರೆ ಯಾರಿಗಾದರೂ ಬೇಕಾಗಬಹುದು.

ಒಂದು ಕೆಜಿ ಲೆಗ್ ಬೋನ್‌ಲೆಸ್, ಎರಡು ಬೆರಳಗಲದ ತುಂಡು. ಪಾತ್ರೆಯಲ್ಲಿ ತೊಳೆದು, ಅರ್ಧ ಗಂಟೆ ಬಸಿದು, ಬಟ್ಟೆಯಲ್ಲಿ ಒತ್ತಿ ಒರೆಸಿದೆ. ಉಪ್ಪು ಒಂದೂವರೆ ಟೀ ಚಮಚ, ಅಪ್ಪನಿಗಾಗಿ ಅರ್ಧ ಚಮಚ ಕಡಿಮೆ ಮಾಡಿದೆ. ಶುಂಠಿ ಬೆಳ್ಳುಳ್ಳಿಯನ್ನು ನೀರು ಹಾಕದೆ ಕುಟ್ಟಿದ್ದು ಎರಡು ದೊಡ್ಡ ಚಮಚ, ಅರಿಶಿನ ಚಿಟಿಕೆ, ನೀರಿಳಿಸಿದ ಮೊಸರು ಮೂರು ಚಮಚ. ಇಷ್ಟನ್ನು ಕಲಸಿ ನಾಲ್ಕು ಗಂಟೆ ಫ್ರಿಜ್‌ನಲ್ಲಿಟ್ಟೆ. ಆಮೇಲೆ ಬ್ಯಾಡಗಿ ಪುಡಿ ನಾಲ್ಕು ಟೀ ಚಮಚವನ್ನು ಒಂದು ದೊಡ್ಡ ಚಮಚ ಎಣ್ಣೆಯಲ್ಲಿ ಕಲಸಿ ಹಚ್ಚಿದೆ. ಕುಟ್ಟಿದ ಕಾಳುಮೆಣಸು, ಎರಡು ಮೊಟ್ಟೆಯ ಬಿಳಿ, ಅಕ್ಕಿ ಹಿಟ್ಟು ನಾಲ್ಕು ದೊಡ್ಡ ಚಮಚ, ಕಾರ್ನ್‌ಫ್ಲೋರ್ ಎರಡು.

180 ಡಿಗ್ರಿಯಲ್ಲಿ ಎಂಟು ನಿಮಿಷ. ತಿರುಗಿಸಿ, ಬ್ರಷ್‌ನಿಂದ ತುಸು ಎಣ್ಣೆ ಸವರಿ ನಾಲ್ಕು ನಿಮಿಷ. ಕೊನೆಗೆ 200ರಲ್ಲಿ ಮೂರು. ಥರ್ಮಾಮೀಟರ್ ಚುಚ್ಚಿದಾಗ 82 ತೋರಿಸಿತು. ಮೂರು ಒಬ್ಬೆಯೂ ಜಾಲರಿ ಮೇಲೆ ತೆರೆದಿಟ್ಟು, ಎಲ್ಲವನ್ನೂ ಒಟ್ಟಿಗೆ ಮೂರು ನಿಮಿಷ ಮತ್ತೆ ಬಿಸಿ ಮಾಡಿದೆ. ಮೇಲೆ ಹುರಿದ ಕರಿಬೇವು, ನಿಂಬೆರಸ, ಈರುಳ್ಳಿ.

ಅಪ್ಪ ಅಡುಗೆಮನೆ ಬಾಗಿಲಿಗೆ ಕುರ್ಚಿ ತಂದು ಹಾಕಿಕೊಂಡರು. ಸ್ವಲ್ಪ ಹೊತ್ತು ಮಷೀನ್ ನೋಡಿ, "ಎಣ್ಣೆ ಸದ್ದೇ ಇಲ್ವಲ್ಲ ಮಗಾ" ಎಂದರು. ಮೊದಲನೇ ಒಬ್ಬೆಯಿಂದ ಒಂದು ತುಂಡು ತೆಗೆದು ಕೈಗೆ ಕೊಟ್ಟೆ. ಕಚ್ಚಿದಾಗ ಕರ್ ಎಂದದ್ದು ಒಲೆ ಹತ್ತಿರ ನಿಂತಿದ್ದ ಅಮ್ಮನಿಗೂ ಕೇಳಿಸಿತು. ಆರು ತುಂಡು ತಿಂದರು. ಏಳನೆಯದಕ್ಕೆ ಅಮ್ಮ ತಟ್ಟೆ ಎತ್ತಿಟ್ಟರು.

ಹಾಸನದ_ಅಜ್ಜಿಮನೆ | ಸೋಮವಾರ, ರಾತ್ರಿ 10:20

ಓದಿ ಕಣ್ಣಲ್ಲಿ ನೀರು ಬಂತು ಮಗಳೇ. ಅಪ್ಪ ನೂರು ವರ್ಷ ಇರಲಿ.

ಧಾರವಾಡ_ಖಾರ | ಸೋಮವಾರ, ರಾತ್ರಿ 10:45

ಈ ಪದ್ಧತಿ ತವಾಗೂ ಹೊಂದುತ್ತದೆ. ಒರೆಸಿ, ಮೊದಲೇ ಉಪ್ಪು ಹಚ್ಚಿ ನಾನೂ ನಿನ್ನೆ ತವಾದಲ್ಲಿ ಮಾಡಿದೆ. ನೀರು ಬಿಡಲೇ ಇಲ್ರೀ. ಎಲ್ಲರಿಗೂ ಧನ್ಯವಾದ.

ರಾಗಿಮುದ್ದೆ_ಮನೆ | ಮಂಗಳವಾರ, ಬೆಳಿಗ್ಗೆ 7:05

ಬಂಗುಡೆ ಅಕ್ಕಾ, ಬರುವ ಭಾನುವಾರ ಅಪ್ಪನಿಗೆ ಮೀನು ಬೇಕಂತೆ. ಬಂಗುಡೆ ಇದರಲ್ಲಿ ಆಗುತ್ತದಾ?

ಬಂಗುಡೆ_ಪುಳಿಮುಂಚಿ | ಮಂಗಳವಾರ, ಬೆಳಿಗ್ಗೆ 7:30

ಆಗುತ್ತದೆ ತಂಗಿ. ಮೀನಿನ ಮೈಮೇಲೆ ಗೀರು ಹಾಕಿ, ಒರೆಸಿ, ಮಸಾಲೆ ಗಟ್ಟಿಯಾಗಿ ರುಬ್ಬಿ ಹಚ್ಚಿ. ಬುಟ್ಟಿಗೆ ಬಾಳೆಎಲೆಯ ಚಿಕ್ಕ ತುಂಡು ಮೀನಿನ ಅಳತೆಗೆ ಮಾತ್ರ ಹಾಸಿ, ಇಲ್ಲದಿದ್ದರೆ ಚರ್ಮ ಜಾಲರಿಗೆ ಕಚ್ಚುತ್ತದೆ. ಉಳಿದದ್ದು ಮಾತಾಡೋಣ, ಭಾನುವಾರದೊಳಗೆ ಅಳತೆ ಎಲ್ಲ ಬರೆದು ಹಾಕುತ್ತೇನೆ.